ಪ್ಲೈ-ಸ್ಪ್ಲಿಟ್ ಬ್ರೇಡಿಂಗ್: ಅರ್ಧಕ್ಕಿಂತ ಜಾಸ್ತಿ ಕೆಲಸ ಹುರಿಯಲ್ಲೇ ಉಂಟು

ಕ್ರೋಶಾ, ಮ್ಯಾಕ್ರಮೆ ಮಾಡುವವರು ನಮ್ಮ ಮಂಗ್ಳೂರಲ್ಲಿ ಬೇಕಾದಷ್ಟು ಜನ ಇದ್ದಾರೆ, ಪ್ಲೈ-ಸ್ಪ್ಲಿಟ್ ಅಂದ್ರೆ ಮಾತ್ರ "ಅದೆಂತ ಮಾರಾಯ್ರೆ" ಅಂತಾರೆ. ಹುರಿಯೊಳಗೆ ಹುರಿ ತೂರಿಸಿ ಪಟ್ಟಿ ಮಾಡುವ ಕಲೆ ಇದು, ಹೊರದೇಶದ್ದೂ ಅಲ್ಲ. ರಾಜಸ್ಥಾನ, ಗುಜರಾತ್ ಕಡೆ ಒಂಟೆ ಮೇಲಿನ ಜೀನು ಬಿಗಿಯುವ ಪಟ್ಟಿ ಉಂಟಲ್ಲ, ತಂಗ್ ಅಂತಾರೆ, ಅದನ್ನು ಆಡಿನ ಕೂದಲಿನ ಹುರಿಯಲ್ಲಿ ಹೀಗೇ ಮಾಡೋದು. ಅದರ ಬಗ್ಗೆ 1998ರಲ್ಲಿ ಪುಸ್ತಕ ಮಾಡಿದ್ದು ಇಂಗ್ಲೆಂಡಿನ ನೇಕಾರ ಪೀಟರ್ ಕಾಲಿಂಗ್‌ವುಡ್.

ಜಡೆ ಹೆಣೆಯುವಾಗ ಕಾಲುಗಳು ಒಂದರ ಮೇಲೊಂದು ಹಾದು ಹೋಗ್ತವೆ. ಇಲ್ಲಿ ಹಾಗಲ್ಲ, ನಾಲ್ಕೆಳೆ ಹುರಿಯನ್ನು ಎರಡು ಎಳೆ ಮೇಲೆ, ಎರಡು ಕೆಳಗೆ ಬಿಡಿಸಿ ಆ ಸಂದಿಯಲ್ಲಿ ಇನ್ನೊಂದು ಹುರಿ ತೂರಿಸಿ ಎಳೆಯೋದು.

ಹಾಗಾಗಿ ಹುರಿ ಸರಿ ಇಲ್ಲದಿದ್ರೆ ಡಿಸೈನ್ ಎಷ್ಟು ಚಂದ ಇದ್ರೂ ಪ್ರಯೋಜನ ಇಲ್ಲ. ಅಂಗಡಿಯ ರೆಡಿಮೇಡ್ ಹುರಿ ನಂಗೆ ಹಿಡಿಸ್ಲಿಲ್ಲ, ಹೊಸೆದದ್ದು ತುಂಬಾ ಸಡಿಲ. ಮರ್ಸರೈಸ್ಡ್ ಕಾಟನ್ ಕ್ರೋಶಾ ದಾರ ತಗೊಂಡು ನಾಲ್ಕು ಎಳೆಯನ್ನೂ ಬೇರೆ ಬೇರೆಯಾಗಿ ಒಂದೇ ದಿಕ್ಕಿಗೆ ತಿರುಪಿ, ಕಡೆಗೆ ನಾಲ್ಕನ್ನೂ ಸೇರಿಸಿ ಉಲ್ಟಾ ದಿಕ್ಕಿಗೆ ಹೊಸೀತೇನೆ, ಡ್ರಿಲ್ ಮೆಷಿನ್‌ಗೆ ಕೊಕ್ಕೆ ಸಿಕ್ಕಿಸಿದ್ರೆ ಬೇಗ ಆಗ್ತದೆ, ಇನ್ನೊಂದು ತುದಿ ಹಿಡಿಲಿಕ್ಕೆ ಅಮ್ಮ, ಅವರಿಗೆ ತೆಂಗಿನ ನಾರಿನ ಬಳ್ಳಿ ಹೊಸೆದು ಅಭ್ಯಾಸ ಇರೋದ್ರಿಂದ ಸಾಕಾ ಸಾಲದಾ ಅಂತ ಮುಟ್ಟಿಯೇ ಹೇಳ್ತಾರೆ. ಹುರಿಯನ್ನು ಎರಡೂ ಬದಿಯಿಂದ ಒತ್ತಿದ್ರೆ ಎಳೆಗಳು ಬಾಯಿ ಬಿಡಬೇಕು, ಕೈ ತೆಗೆದ ಕೂಡ್ಲೆ ಮುಚ್ಚಿಕೊಳ್ಬೇಕು. ಹೊಸೆದಾಗ ಉದ್ದ ಸುಮಾರು ಕಾಲು ಭಾಗ ಕಮ್ಮಿ ಆಗ್ತದೆ, ದಾರ ಜಾಸ್ತಿಯೇ ಕತ್ತರಿಸಿ ಇಟ್ಕೊಳ್ಳಿ. ತುದಿ ಬಿಚ್ಚಿ ಹೋಗದ ಹಾಗೆ ಫೆವಿಕಾಲ್ ಹಚ್ಚಿ ಒಣಗಿಸ್ಬೇಕು, ಜುಲೈಯಲ್ಲಿ ಅದು ಒಣಗುವಷ್ಟರಲ್ಲಿ ಉತ್ಸಾಹವೇ ಒಣಗಿರ್ತದೆ.

ಎಳೆ ಬಿಡಿಸಿ ಹುರಿ ತೂರಿಸ್ಲಿಕ್ಕಂತಲೇ ಗ್ರಿಪ್‌ಫಿಡ್ ಅಂತ ಒಂದು ಸಾಧನ ಬರ್ತದೆ. ನಾನು ದಬ್ಬಣದ ತುದಿ ಉಜ್ಜಿ ಮೊಂಡು ಮಾಡ್ಕೊಂಡಿದ್ದೇನೆ, ಚೂಪಿದ್ರೆ ಎಳೆಯ ಒಳಗೇ ಚುಚ್ಚಿ ನೂಲು ಹರಿತದೆ. ಶುರುವಿಗೆ ಎಂಟು ಹುರಿ ಸಾಲಾಗಿ ಒಂದು ಹಲಗೆಗೆ ಕಟ್ಟಿ, ಎಡ ತುದಿಯದ್ದನ್ನು ಉಳಿದ ಏಳರ ಒಳಗೂ ತೂರಿಸಿ ಬಲಕ್ಕೆ ತರೋದು, ಆಮೇಲೆ ಈಗ ಎಡಗಡೆ ಯಾವುದುಂಟೋ ಅದನ್ನು, ಹೀಗೇ ಹೋಗೋದು. ತೂರಿದ ಹುರಿ ಒಳಗೆ ಅಡಗ್ತದೆ, ಸೀಳಿಸಿಕೊಂಡದ್ದು ಮಾತ್ರ ಹೊರಗೆ ಕಾಣ್ತದೆ.

ನಿಜವಾದ ಮಜಾ ಎರಡು ಬಣ್ಣದಲ್ಲಿ. ಎರಡು ಎಳೆ ಕಪ್ಪು, ಎರಡು ಬಿಳಿ ಹಾಕಿ ಹೊಸೆದ್ರೆ, ಯಾವ ಎಳೆಗಳನ್ನು ಮೇಲೆ ಬಿಟ್ಟು ತೂರಿಸ್ತೀರಿ ಅನ್ನೋದ್ರ ಮೇಲೆ ಚಿತ್ರ ಬರ್ತದೆ, ತಂಗ್‌ಗಳಲ್ಲಿ ಒಂಟೆ, ಆನೆ ಎಲ್ಲ ಹೀಗೇ ಬರೋದು, ಪಟ್ಟಿ ಮಗುಚಿದ್ರೆ ಹಿಂದೆ ಅದೇ ಚಿತ್ರ ಬಣ್ಣ ಅದಲು ಬದಲಾಗಿ ಇರ್ತದೆ. ನಂಗಿನ್ನೂ ಆನೆ ದೂರ, ಸಾದಾ ಚೌಕಳಿ ಬರ್ತದೆ.

ಪಕ್ಕದ ಮನೆಯವರು ಚೆಂಡೆಗೆ ಪಟ್ಟಿ ಮಾಡಿಕೊಡಿ ಅಂದಿದ್ದಾರೆ, ಅದಕ್ಕೆ ಕ್ರೋಶಾ ದಾರ ಸಾಲ್ದು, ದಪ್ಪ ನೂಲು ಹುಡುಕ್ಬೇಕು.