ಮೇಸ್ತ್ರಿ ಪಕ್ಕ ಕೂತು ಕೇಳಿದ ಪ್ರಶ್ನೆಗಳು

2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಕೆಲಸ ಖಾಯಂ ಮಾಡಿ ಎಂದು ಮುಷ್ಕರ ಕೂತಿದ್ದರು. ಆಗ ನಮ್ಮ ಬೀದಿಯಲ್ಲಿ ಎಲ್ಲರೂ ಕಸದ ನಾತದ ಬಗ್ಗೆ ಮಾತಾಡಿದರು. ಗುಡಿಸುವವರ ಬಗ್ಗೆ ಯಾರೂ ಮಾತಾಡಲಿಲ್ಲ. ಅದು ನನ್ನ ಮನಸ್ಸಲ್ಲಿ ಉಳಿದಿತ್ತು. ಸಮಾಜಶಾಸ್ತ್ರ ಎಂ.ಎ.ಯ ಕೊನೆಯ ಸೆಮಿಸ್ಟರ್‌ಗೆ ಪ್ರಬಂಧ ಬರೆಯಬೇಕಾದಾಗ ಪೌರಕಾರ್ಮಿಕ ಹೆಂಗಸರ ಕೆಲಸವನ್ನೇ ಆರಿಸಿಕೊಂಡೆ.

40 ಪ್ರಶ್ನೆಗಳ ಫಾರಂ ಮಾಡಿಕೊಂಡು, ಬೆಳಿಗ್ಗೆ ಆರಕ್ಕೆ ಹಾಜರಿ ಹಾಕುವ ಜಾಗಕ್ಕೆ ಹೋದೆ. ಮೇಸ್ತ್ರಿ ಕುರ್ಚಿ ಹಾಕಿಸಿ ಒಬ್ಬೊಬ್ಬರನ್ನೇ ಕರೆದರು.

"ಸಂಬಳ ಸರಿಯಾಗಿ ಬರುತ್ತಾ?"

"ಬರುತ್ತೆ ಮೇಡಂ."

"ಗ್ಲೌಸು ಕೊಡ್ತಾರಾ?"

"ಕೊಡ್ತಾರೆ ಮೇಡಂ."

ಹಾಗೆ ಹೇಳಿದ ಅಕ್ಕನ ಕೈಯಲ್ಲಿ ಗ್ಲೌಸಿರಲಿಲ್ಲ. ನಾನು ಸುಮ್ನೆ ಟಿಕ್ ಹಾಕಿದೆ. ಮೂರು ದಿನಕ್ಕೆ 28 ಫಾರಂ ತುಂಬಿದವು. ನಮ್ಮ ಗೈಡ್ ಅವನ್ನೆಲ್ಲ ತಿರುವಿ ಹಾಕಿ ಒಂದೇ ಪ್ರಶ್ನೆ ಕೇಳಿದರು: "ನೀನು ಕೇಳುವಾಗ ಮೇಸ್ತ್ರಿ ಎಲ್ಲಿದ್ರು?"

ನಮ್ಮ ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಉಳಿದು ಅಧ್ಯಯನ ಮಾಡಿದ್ದು ನಮಗೆ ಪಾಠವಾಗಿತ್ತು. ಅವರಿದ್ದದ್ದು ಊರ ಪಟೇಲರಿಗೆ ಸೇರಿದ ಎತ್ತಿನ ಮನೆಯಲ್ಲಿ. ದಲಿತರ ಕೇರಿಯಲ್ಲಿ, ಮುಸ್ಲಿಮರ ನಡುವೆ ಹೆಚ್ಚು ಹೊತ್ತು ಕಳೆದಿದ್ದರೆ ಅದೇ ಊರು ಬೇರೆ ಥರ ಕಾಣುತ್ತಿತ್ತು ಅಂತ ಆಮೇಲೆ ಅವರೇ ಬರೆದುಕೊಂಡರು. ಪರೀಕ್ಷೆಗೆ ಅಂತ ಓದಿದ್ದ ಮಾತು ಅವತ್ತು ನನ್ನ ಫಾರಂಗಳ ಮೇಲೆಯೇ ಬಂದು ಕೂತಿತು. ನಾನೂ ಮೇಸ್ತ್ರಿ ಹಾಕಿಸಿದ ಕುರ್ಚಿಯಿಂದಲೇ ನೋಡಿದ್ದೆ.

ಫಾರಂ ಪಕ್ಕಕ್ಕಿಟ್ಟೆ. ಇಬ್ಬರು ಅಕ್ಕಂದಿರನ್ನು ಕೇಳಿಕೊಂಡು, ಅವರು ಗುಡಿಸುವ ಬೀದಿಗಳಲ್ಲಿ ಜೊತೆಗೇ ನಡೆದೆ. ಮೊದಲ ವಾರ ಜಾಸ್ತಿ ಮಾತೇ ಇಲ್ಲ. ಅವರು ತಮ್ಮೊಳಗೆ ತೆಲುಗಿನಲ್ಲಿ ಮಾತಾಡಿಕೊಳ್ಳುತ್ತಿದ್ದರು. ಎರಡನೇ ವಾರ ಒಬ್ಬರು ನನ್ನನ್ನು "ಮೇಡಂ" ಅನ್ನುವುದು ಬಿಟ್ಟು "ಏನಮ್ಮಾ, ತಿಂಡಿ ಆಯ್ತಾ?" ಅಂದರು. ಅವತ್ತೇ ಗ್ಲೌಸಿನ ಕಥೆಯೂ ಗೊತ್ತಾಯಿತು. ಕೊಟ್ಟಿದ್ದ ಒಂದು ಜೊತೆಯನ್ನು ಸಾಹೇಬರು ನೋಡಲು ಬರುವ ದಿನಕ್ಕೆ ಅಂತ ಎತ್ತಿಟ್ಟಿದ್ದರು.

ನನ್ನ 40 ಪ್ರಶ್ನೆಗಳಲ್ಲಿ ನೀರಿನ ಬಗ್ಗೆ ಒಂದೂ ಇರಲಿಲ್ಲ. ಬೆಳಿಗ್ಗೆ ಮನೆ ಬಿಟ್ಟವರು ಮಧ್ಯಾಹ್ನದವರೆಗೂ ನೀರೇ ಕುಡಿಯುತ್ತಿರಲಿಲ್ಲ. ಕುಡಿದರೆ ಮೂತ್ರಕ್ಕೆ ಹೋಗಬೇಕು, ಹೋಗಲು ಆ ವಾರ್ಡಿನಲ್ಲಿ ಜಾಗವಿಲ್ಲ. ತಿಂಗಳ ದಿನಗಳಲ್ಲಂತೂ ಇನ್ನೂ ಕಷ್ಟ. ಕೇಳಿದರೆ ಕೆಲವು ಮನೆಯವರು ನೀರು ಕೊಡುತ್ತಿದ್ದರು, ಗೇಟಿನಾಚೆಯಿಂದ, ಹಳೇ ಪ್ಲಾಸ್ಟಿಕ್ ಬಾಟಲಿಯಲ್ಲಿ. "ಬಾಟ್ಲಿ ನೀನೇ ಇಟ್ಕೋ" ಅನ್ನುತ್ತಿದ್ದರು. ಮೊದಲ ಸಲ ಕೇಳಿದಾಗ ನನಗೆ ಅದು ಒಳ್ಳೆತನ ಅನ್ನಿಸಿತು. "ನಾವು ಮುಟ್ಟಿದ್ದನ್ನ ವಾಪಸ್ ತಗೊಳಲ್ಲಮ್ಮ, ಅದಕ್ಕೇ" ಅಂದರು ಅಕ್ಕ, ಪೊರಕೆ ನಿಲ್ಲಿಸದೆ.

ಜಾತಿ ಎಂದರೆ ಬರೀ ಕೆಲಸದ ಹಂಚಿಕೆಯಲ್ಲ, ಕೆಲಸಗಾರರನ್ನೇ ಬೇರೆ ಬೇರೆ ಮಾಡುವುದು ಅಂತ ಅಂಬೇಡ್ಕರ್ 1936ರಲ್ಲೇ ಬರೆದಿದ್ದರು. ಅದರ ಬಗ್ಗೆ ನಾನು ಸೆಮಿನಾರ್ ಕೂಡ ಮಾಡಿದ್ದೆ. ಅವತ್ತು ಸಂಜೆ ಮನೆಗೆ ಬಂದು ಅಮ್ಮನನ್ನು ಕೇಳಿದೆ, ನಮ್ಮ ಬೀದಿ ಗುಡಿಸುವವರಿಗೆ ನಾವು ನೀರು ಯಾವುದರಲ್ಲಿ ಕೊಡ್ತೀವಿ ಅಂತ. ಅಮ್ಮ ಹಿತ್ತಲಿನ ಕಿಟಕಿ ಮೇಲಿದ್ದ ಲೋಟ ತೋರಿಸಿದರು.

ಆ 28 ಫಾರಂಗಳನ್ನು ನಾನು ಎಸೆಯಲಿಲ್ಲ. ಮೇಸ್ತ್ರಿ ಎದುರು ಬಂದ ಉತ್ತರ, ಬೀದಿಯಲ್ಲಿ ಸಿಕ್ಕ ಉತ್ತರ, ಎರಡನ್ನೂ ಅಕ್ಕಪಕ್ಕ ಇಟ್ಟು ಒಂದು ಅಧ್ಯಾಯ ಬರೆದೆ. ಅಲ್ಲಿಗೆ ನನ್ನನ್ನು ಯಾರು ಕರೆದುಕೊಂಡು ಹೋದರು, ನಾನು ಎಲ್ಲಿ ಕೂತಿದ್ದೆ ಅಂತಲೂ ಬರೆದೆ. ಅಕ್ಕಂದಿರ ಹೆಸರು, ವಾರ್ಡಿನ ಗುರುತು ಎಲ್ಲೂ ಹಾಕಲಿಲ್ಲ. ಹಾಕಿದ್ದರೆ ಅವರ ಕೆಲಸಕ್ಕೇ ಕುತ್ತು ಬರುತ್ತಿತ್ತು.

ಮುಗಿದ ಮೇಲೆ ಮುಖ್ಯವಾದ ಪುಟಗಳನ್ನು ಅವರಿಗೆ ಓದಿ ಹೇಳಿದೆ. ಗ್ಲೌಸಿನ ಭಾಗಕ್ಕೆ ಇಬ್ಬರೂ ತಲೆಯಾಡಿಸಿದರು. ನೀರಿನ ಭಾಗ ಬಂದಾಗ ಅಕ್ಕ, "ಇದನ್ನ ಇನ್ನೊಂದ್ಸಲ ಓದಮ್ಮ" ಅಂದರು.