ಹನ್ನೆರಡು ದಿನ ತಡ, ಆರು ನಂಬರು ಹಿಂದೆ

ನಾನು ಸರಕು ವಿಮಾನದ ಪೈಲಟ್. ಮನೆ ಕಾಸರಗೋಡಿನ ಬದಿಯಡ್ಕದ ಹತ್ತಿರ, ಅಡಿಕೆ ತೋಟದ ನಡುವೆ. ಹತ್ತನೇ ತರಗತಿಯವರೆಗೆ ಕಲಿತದ್ದು ಕನ್ನಡ ಮಾಧ್ಯಮದಲ್ಲಿ. ಊರಿನಲ್ಲಿ ಪೈಲಟ್ ಎಂದರೆ ಕಣ್ಣರಳಿಸುತ್ತಾರೆ, ಸಾಮಾನಿನ ವಿಮಾನ ಎಂದರೆ ಸ್ವಲ್ಪ ಸುಮ್ಮನಾಗುತ್ತಾರೆ. ಸೋದರಮಾವ ಮಾತ್ರ ನೇರವಾಗಿ ಕೇಳಿದ್ದರು: "ಹಾಗಾದರೆ ನೀನು ಲಾರಿ ಡ್ರೈವರ್ ಹಾಗೆಯಾ ಮಾರಾಯ?" ಹೌದು ಮಾವ, ಸುಮಾರು ಹಾಗೆಯೇ. ರಾತ್ರಿ ಓಡಿಸುವುದು, ಬೆಳಗ್ಗೆ ಮಲಗುವುದು.

ಮಾವ ಹಿಂದೆ ಯಕ್ಷಗಾನ ಮೇಳದಲ್ಲಿ ವೇಷ ಮಾಡುತ್ತಿದ್ದವರು. ನಮ್ಮ ಸೀನಿಯಾರಿಟಿ ಎಂದರೆ ಏನು ಅಂತ ಅವರಿಗೆ ಹೇಳಲು ನನಗೆ ಸಿಕ್ಕಿದ ದಾರಿ ಚೌಕಿ, ಅಂದರೆ ವೇಷ ಕಟ್ಟುವ ಬಣ್ಣದ ಮನೆ. ಚೌಕಿಯಲ್ಲಿ ಯಾರು ಎಲ್ಲಿ ಕೂತು ಬಣ್ಣ ಹಚ್ಚಬೇಕು ಎಂಬುದಕ್ಕೆ ಜಾಗ ನಿಗದಿ ಇದೆ ಅಲ್ವಾ, ಹಾಗೆಯೇ ನಮಗೂ ಒಂದು ನಂಬರು ಇರುತ್ತದೆ. ಆದರೆ ಒಂದು ವ್ಯತ್ಯಾಸ. ಮೇಳದಲ್ಲಿ ಹುಡುಗ ಚೆನ್ನಾಗಿ ಕುಣಿದರೆ ಎರಡು ತಿರುಗಾಟದಲ್ಲೇ ದೊಡ್ಡ ವೇಷ ಸಿಗಬಹುದು. ನಮ್ಮಲ್ಲಿ ನೀವು ಎಷ್ಟು ಚೆನ್ನಾಗಿ ಇಳಿಸುತ್ತೀರಿ ಎಂಬುದಕ್ಕೂ ನಂಬರಿಗೂ ಸಂಬಂಧವಿಲ್ಲ. ಕೆಲಸಕ್ಕೆ ಸೇರಿದ ತಾರೀಕು ಯಾವುದು? ಅಷ್ಟೇ. ನನಗೆ ಇದು ತಲೆಗೆ ಹೋಗಲು ಸುಮಾರು ಎಂಟು ವರ್ಷ ಬೇಕಾಯಿತು.

ಲೈಸೆನ್ಸ್ ಕೈಗೆ ಬಂದದ್ದು 2011ರಲ್ಲಿ. ಅದಕ್ಕೆ ಬೇಕಾದ 200 ಗಂಟೆ ಹಾರಾಟಕ್ಕೆ ಅಪ್ಪ ತೋಟದ ಮೇಲೆ ಸಾಲ ತೆಗೆದಿದ್ದರು. ಮರು ವರ್ಷ ಅಕ್ಟೋಬರಿನಲ್ಲಿ ಕಿಂಗ್‌ಫಿಷರ್ ಹಾರಾಟ ನಿಂತಿತು. ಅನುಭವ ಇದ್ದವರೇ ಕೆಲಸ ಹುಡುಕುತ್ತಿದ್ದಾಗ 200 ಗಂಟೆಯ ಹುಡುಗನನ್ನು ಯಾರು ಕೇಳುತ್ತಾರೆ? ಎರಡು ಮಳೆಗಾಲ ಮನೆಯಲ್ಲೇ ಕಳೆದೆ. ಕೊಳೆರೋಗಕ್ಕೆ ಮದ್ದು ಬಿಡುವವರಿಗೆ ಕೆಳಗಿನಿಂದ ಬೋರ್ಡೋ ಕಲಸಿ ಕೊಡುತ್ತಿದ್ದೆ. ನೆರೆಮನೆಯವರು "ಪೈಲಟ್ರೇ" ಎಂದು ಕರೆಯುತ್ತಿದ್ದರು. ತಮಾಷೆಗೇ ಇರಬೇಕು.

2014ರಲ್ಲಿ ಒಂದು ಸಣ್ಣ ಸರಕು ಕಂಪನಿಯಲ್ಲಿ ಕೋ-ಪೈಲಟ್ ಆಗಿ ಸೇರಿದೆ. ವಿಮಾನ 737. ಸೀಟು ಇಲ್ಲ, ಊಟದ ಟ್ರಾಲಿ ಇಲ್ಲ, ನೆಲದ ತುಂಬ ಉರುಳೆಗಳು. ಕಾಕ್‌ಪಿಟ್ಟಿನ ಹಿಂದೆ ಎಡಗಡೆ ದೊಡ್ಡ ಬಾಗಿಲು. ಪ್ಯಾಲೆಟ್ಟುಗಳನ್ನು, ಅಂದರೆ ಸರಕು ಕಟ್ಟಿದ ಹಲಗೆಗಳನ್ನು, ಅಲ್ಲಿಂದ ಒಳಗೆ ತಂದು ಹಿಂದಕ್ಕೆ ತಳ್ಳುತ್ತಾ ಹೋಗಬೇಕು. ಹಿಂದೆ ಭಾರ ಜಾಸ್ತಿಯಾಗಿ ಮೂತಿ ಮೇಲಕ್ಕೆ ಎದ್ದುಬಿಡಬಾರದು ಎಂದು ಬಾಲದ ಕೆಳಗೆ ಒಂದು ಕಂಬ ಕೊಟ್ಟಿರುತ್ತಾರೆ. ನಡುರಾತ್ರಿ ಎರಡೂವರೆಗೆ ಟಾರ್ಚ್ ಹಿಡಿದು ಆ ಕಂಬ ತೆಗೆದಿದ್ದಾರೋ ಇಲ್ಲವೋ ನೋಡುವುದು, ಪ್ರತಿ ಪ್ಯಾಲೆಟ್ಟಿನ ಲಾಕ್ ಎದ್ದು ನಿಂತಿದೆಯಾ ಎಂದು ಕಾಲಿನಿಂದ ಒತ್ತಿ ನೋಡುವುದು, ಲೋಡ್ ಶೀಟಿನ ತೂಕ ಕೂಡುವುದು. ನನ್ನ ಮೊದಲ ನಾಲ್ಕು ವರ್ಷದ ಪಾಠ ಇದೇ. ಒಮ್ಮೆ ಕೋಳಿಮರಿಗಳ ಪೆಟ್ಟಿಗೆ ಇತ್ತು. ದಾರಿಯುದ್ದಕ್ಕೂ ಚಿಂವ್ ಚಿಂವ್. ಆ ವಾಸನೆ ಯೂನಿಫಾರ್ಮಿನಿಂದ ಹೋಗಲು ಎರಡು ಒಗೆತ ಬೇಕಾಯಿತು.

ಸರಕಿನಲ್ಲಿ ಹಾರಾಟದ ಗಂಟೆ ನಿಧಾನಕ್ಕೆ ಕೂಡುತ್ತದೆ. ಪ್ರಯಾಣಿಕರ ವಿಮಾನದಲ್ಲಿದ್ದ ಗೆಳೆಯರು ವರ್ಷಕ್ಕೆ 800 ಗಂಟೆ ದಾಟುತ್ತಿದ್ದರು, ನನ್ನದು 450ರ ಆಸುಪಾಸು. ಕ್ಯಾಪ್ಟನ್ ಆಗಲು ಎಟಿಪಿಎಲ್ ಎಂಬ ಮೇಲಿನ ದರ್ಜೆಯ ಲೈಸೆನ್ಸ್ ಬೇಕು, ಅದಕ್ಕೆ 1500 ಗಂಟೆ ಬೇಕು. ಅಷ್ಟು ಕೂಡುವಾಗ 2018 ಬಂತು. ಆಗ ಕೋ-ಪೈಲಟ್‌ಗಳ ಪಟ್ಟಿಯಲ್ಲಿ ನಾನು ಏಳನೆಯವ.

ಅಲ್ಲೇ ತಪ್ಪು ಮಾಡಿದೆ. ಇನ್ನೊಂದು ಕಂಪನಿ ಸಂಬಳ ಜಾಸ್ತಿ ಕೊಡುತ್ತೇನೆ ಎಂದಿತು. ಏಳನೇ ನಂಬರಿನ ಬೆಲೆ ನನಗೆ ಗೊತ್ತಿರಲಿಲ್ಲ. ಅದು ಆ ಕಂಪನಿಯ ಗೇಟಿನ ಒಳಗೆ ಮಾತ್ರ ನಡೆಯುವ ನಾಣ್ಯ. ಗೇಟು ದಾಟಿದರೆ ನಾಲ್ಕು ವರ್ಷದ ದುಡಿಮೆಗೆ ಲಾಗ್‌ಬುಕ್ಕಿನಲ್ಲಿ ಗಂಟೆ ಉಳಿಯುತ್ತದೆ, ನಂಬರು ಸೊನ್ನೆ. ನನ್ನ ಜೊತೆ ಸೇರಿದ್ದ ಇಬ್ಬರು ಅಲ್ಲೇ ಉಳಿದು ಮರು ವರ್ಷವೇ ಎಡ ಸೀಟಿಗೆ, ಅಂದರೆ ಕ್ಯಾಪ್ಟನ್ ಸೀಟಿಗೆ, ಹೋದರು.

ವಿಮಾನಯಾನದ ಮೇಲ್ವಿಚಾರಣೆ ಮಾಡುವ ಸರಕಾರಿ ಸಂಸ್ಥೆ ಡಿಜಿಸಿಎ 2017ರಲ್ಲಿ ತಂದ ನಿಯಮದಂತೆ ಕೋ-ಪೈಲಟ್ ಆರು ತಿಂಗಳು, ಕ್ಯಾಪ್ಟನ್ ಒಂದು ವರ್ಷ ನೋಟಿಸ್ ಕೊಡಬೇಕು. ಆರು ತಿಂಗಳು ಮುಗಿಸಿದೆ. ಹೊಸ ಕಂಪನಿಯವರು 3ನೇ ತಾರೀಕು ಬನ್ನಿ ಎಂದರು. 10ಕ್ಕೆ ತಂಗಿಯ ಮದುವೆ. ಫೋನ್ ಮಾಡಿ ಕೇಳಿದೆ. "ಪರವಾಗಿಲ್ಲ ಸರ್, 15ಕ್ಕೆ ಬನ್ನಿ" ಎಂದರು. ಎಷ್ಟು ಒಳ್ಳೆಯವರು ಅಂದುಕೊಂಡೆ. ಅವರೇನೂ ಸುಳ್ಳು ಹೇಳಿರಲಿಲ್ಲ, ನಾನೂ ಏನೂ ಕೇಳಿರಲಿಲ್ಲ. 3ನೇ ತಾರೀಕು ಆರು ಮಂದಿ ಸೇರಿದ್ದರು. ಅವರಲ್ಲಿ ಮೂವರಿಗೆ ನನ್ನ ಅರ್ಧದಷ್ಟೂ ಗಂಟೆ ಇರಲಿಲ್ಲ. ಆರೂ ಮಂದಿ ಇವತ್ತಿಗೂ ನನಗಿಂತ ಮೇಲೆ. ನಿವೃತ್ತಿಯವರೆಗೂ ಮೇಲೆಯೇ. ತಂಗಿಗೆ ಇದನ್ನು ಹೇಳಿಲ್ಲ.

ನಂಬರಿನಿಂದ ಏನೆಲ್ಲ ಆಗುತ್ತದೆ? ಯಾವ ಊರು ಬೇಸ್, ಹಬ್ಬಕ್ಕೆ ಯಾರಿಗೆ ರಜೆ, ಕ್ಯಾಪ್ಟನ್ ಮಾಡುವ ತರಬೇತಿಗೆ, ಅಂದರೆ ಕಮಾಂಡ್ ಕ್ಲಾಸಿಗೆ, ಯಾರು ಮೊದಲು. ಅಮೆರಿಕದ ಸರಕು ಕಂಪನಿಗಳಾದ ಫೆಡ್‌ಎಕ್ಸ್, ಯುಪಿಎಸ್‌ಗಳಲ್ಲಿ ಇನ್ನೂ ಬಿಗಿ. ಅಲ್ಲಿ ತಿಂಗಳ ರೋಸ್ಟರನ್ನೇ, ಅಂದರೆ ಯಾವ ದಿನ ಯಾವ ಹಾರಾಟ ಎಂಬುದನ್ನೇ, ಸೀನಿಯಾರಿಟಿ ಪ್ರಕಾರ ಆರಿಸಿಕೊಳ್ಳುತ್ತಾರೆ. ಮೇಲಿನವರು ತಮಗೆ ಬೇಕಾದ್ದನ್ನು ಎತ್ತಿಕೊಂಡ ಮೇಲೆ ಉಳಿದದ್ದು ಕೆಳಗಿನವರಿಗೆ. 65 ತುಂಬಿದವರು ಇಳಿದಾಗ ಕೆಳಗಿನವರೆಲ್ಲ ಒಂದೊಂದು ಮೆಟ್ಟಿಲು ಹತ್ತುತ್ತಾರೆ. ಹಾಗಾಗಿ ಕಂಪನಿಯ ಪಟ್ಟಿಯಲ್ಲಿ ಮೇಲಿರುವವರ ವಯಸ್ಸು ನೋಡಬೇಕು. ಮೇಲೆ ಅರುವತ್ತರವರು ಇದ್ದರೆ ಒಳ್ಳೆಯದು. ಎಲ್ಲರಿಗೂ ಮೂವತ್ತೈದು ಆದರೆ, ಹೊಸ ವಿಮಾನ ಬರುವವರೆಗೆ ಕಾಯುವುದೇ ಕೆಲಸ.

2020ರ ಮಾರ್ಚ್ 25ರಿಂದ ಮೇ 25ರವರೆಗೆ ದೇಶದೊಳಗಿನ ಪ್ರಯಾಣಿಕರ ವಿಮಾನ ನಿಂತಿದ್ದಾಗ ನಾವು ಮಾತ್ರ ಹಾರುತ್ತಿದ್ದೆವು. ಮಾಸ್ಕ್, ಮದ್ದು, ಪರೀಕ್ಷೆಯ ಕಿಟ್. ಖಾಲಿ ಆಕಾಶ, ರೇಡಿಯೋದಲ್ಲಿ ನಮ್ಮದೇ ಸ್ವರ. ಅದೇ ಹೊತ್ತಿಗೆ ತಲಪಾಡಿಯಲ್ಲಿ ಕೇರಳ-ಕರ್ನಾಟಕ ಗಡಿ ಬಂದ್. ಅಪ್ಪನ ಬಿಪಿ ಮಾತ್ರೆ ಯಾವಾಗಲೂ ಮಂಗಳೂರಿನಿಂದ ಬರುವುದು. ಒಂದು ರಾತ್ರಿ ಟನ್ನುಗಟ್ಟಲೆ ಮದ್ದು ಹೊತ್ತು ದೆಹಲಿಯಿಂದ ಬೆಂಗಳೂರಿಗೆ ಬಂದಿಳಿದು ಫೋನ್ ಮಾಡಿದರೆ, ಅಮ್ಮ "ಮಾತ್ರೆ ಇನ್ನು ನಾಲ್ಕೇ ಉಂಟು" ಎಂದರು. ಕೊನೆಗೆ ಬದಿಯಡ್ಕದಲ್ಲೇ ಬೇರೆ ಕಂಪನಿಯ ಮಾತ್ರೆ ಸಿಕ್ಕಿತು.

2022ರ ಜನವರಿಯಲ್ಲಿ ಕಮಾಂಡ್ ಕ್ಲಾಸಿಗೆ ಆರು ಮಂದಿಯನ್ನು ಕರೆದರು. ಯಾರು ಅಂತ ಹೇಳಬೇಕಾಗಿಲ್ಲ. ನನ್ನ ಸರದಿ ಬಂದದ್ದು ಡಿಸೆಂಬರಿನಲ್ಲಿ. ಆ ಹನ್ನೆರಡು ದಿನಕ್ಕೆ ಹನ್ನೊಂದು ತಿಂಗಳು ದಂಡ. ಅಷ್ಟು ಕಾದು ಹೋಗಿ ಸಿಮ್ಯುಲೇಟರಿನಲ್ಲಿ, ಅಂದರೆ ನೆಲದ ಮೇಲಿನ ನಕಲಿ ಕಾಕ್‌ಪಿಟ್ಟಿನಲ್ಲಿ, ಫೇಲ್ ಆದೆ.

ಹೇಗೆ ಅಂದರೆ: ಹಾರಾಟದ ನಡುವೆ ಸರಕಿನ ಕೋಣೆಯಲ್ಲಿ ಹೊಗೆಯ ಕೆಂಪು ದೀಪ. ನಮ್ಮ ವಿಮಾನದಲ್ಲಿ ಹಿಂದೆ ಹೋಗಿ ಬೆಂಕಿ ನಂದಿಸುವವರು ಯಾರೂ ಇಲ್ಲ. ಒಳಗಿನ ಗಾಳಿಯ ಒತ್ತಡ ಬಿಟ್ಟು, ಬೆಂಕಿಗೆ ಉಸಿರು ಸಿಗದ ಹಾಗೆ ಮಾಡಿ, ನಾವು ಆಕ್ಸಿಜನ್ ಮುಖವಾಡ ಹಾಕಿಕೊಂಡು ಹತ್ತಿರದ ನಿಲ್ದಾಣಕ್ಕೆ ಓಡಬೇಕು. 2010ರ ಸೆಪ್ಟೆಂಬರಿನಲ್ಲಿ ದುಬೈಯಲ್ಲಿ ಯುಪಿಎಸ್‌ನ 747 ಇಂಥದೇ ಬೆಂಕಿಗೆ ಬಿದ್ದು ಇಬ್ಬರೂ ಪೈಲಟ್‌ಗಳು ತೀರಿಕೊಂಡರು. ಸರಕಿನವರು ಅದನ್ನು ಮರೆಯುವುದಿಲ್ಲ. ನನಗೂ ಚೆಕ್‌ಲಿಸ್ಟ್ ಬಾಯಿಪಾಠ. ಅದೇ ಮುಳುವಾಯಿತು. ಪುಸ್ತಕ ಎಳೆದು ನಾನೇ ಓದತೊಡಗಿದೆ, ನಾನೇ ಸ್ವಿಚ್ ಒತ್ತಿದೆ, ನಾನೇ ರೇಡಿಯೋದಲ್ಲಿ ಮಾತಾಡಿದೆ. ಪಕ್ಕದಲ್ಲಿದ್ದ ಹುಡುಗ ಕೈಕಟ್ಟಿ ಕೂತಿದ್ದ. ಯಾವ ನಿಲ್ದಾಣಕ್ಕೆ ಇಳಿಯುವುದು ಎಂದು ತೀರ್ಮಾನಿಸುವ ಹೊತ್ತಿಗೆ ಅದನ್ನು ದಾಟಿ ಹೋಗಿದ್ದೆವು. ಪರೀಕ್ಷಕರು ಸಿಮ್ ನಿಲ್ಲಿಸಿ, ಬೈಯದೆ ಹೇಳಿದರು: "ನೀವು ಎಡ ಸೀಟಿನಲ್ಲಿ ಕೂತು ಬಲ ಸೀಟಿನ ಕೆಲಸ ಮಾಡಿದಿರಿ."

ಎಂಟು ವರ್ಷ ಒಳ್ಳೆಯ ಕೋ-ಪೈಲಟ್ ಆಗಿದ್ದೆ, ಅದೇ ಅಭ್ಯಾಸ ಕೈಗೆ ಅಂಟಿತ್ತು. ಮತ್ತೆ ಆರು ತಿಂಗಳು ಬಲ ಸೀಟಿಗೆ. ಆ ಆರು ತಿಂಗಳು ಪ್ರತಿ ರಾತ್ರಿ ಒಂದೇ ಆಟ ಆಡಿದೆ. ಕ್ಯಾಪ್ಟನ್ ಏನಾದರೂ ನಿರ್ಧಾರ ಹೇಳುವ ಮೊದಲು ನಾನು ಮನಸ್ಸಿನಲ್ಲೇ ನನ್ನದನ್ನು ಹೇಳಿಕೊಳ್ಳುವುದು. ಎಲ್ಲಿಗೆ ತಿರುಗಿಸುತ್ತೇನೆ, ಎಷ್ಟು ಇಂಧನ ಹಾಕಿಸುತ್ತೇನೆ, ಯಾವ ಕೆಲಸ ಪಕ್ಕದವನಿಗೆ ಕೊಡುತ್ತೇನೆ. ಆಮೇಲೆ ಅವರದರ ಜೊತೆ ಹೋಲಿಸಿ ನೋಡುವುದು. 2023ರಲ್ಲಿ ಅದೇ ಹೊಗೆಯ ದೀಪ ಬಂದಾಗ ಮೊದಲು ಮುಖವಾಡ, ಮತ್ತೆ "ಚೆಕ್‌ಲಿಸ್ಟ್ ನೀನು ಓದು" ಎಂದೆ. ಕೈ ಖಾಲಿಯಾಯಿತು, ತಲೆಗೆ ಜಾಗ ಸಿಕ್ಕಿತು. ಪಾಸಾದೆ.

ಕಳೆದ ತಿಂಗಳು ನೀರ್ಚಾಲಿನ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. "ಅಣ್ಣ, ಎರಡು ಕಡೆಯಿಂದ ಆಫರ್ ಬಂದಿದೆ, ಇವರು ಸಂಬಳ ಜಾಸ್ತಿ ಕೊಡುತ್ತಾರೆ" ಎಂದ. ಸಂಬಳ ಆಮೇಲೆ ಹೇಳು, ಯಾರು ಯಾವ ತಾರೀಕಿಗೆ ಬರಲು ಹೇಳಿದ್ದಾರೆ ಅಂತ ಕೇಳಿದೆ. ಒಂದೇ ದಿನ ಸೇರಿದವರಲ್ಲಿ ಯಾರು ಮೇಲೆ ಎಂದು ಹೇಗೆ ತೀರ್ಮಾನಿಸುತ್ತಾರೆ, ವಯಸ್ಸಿನಿಂದಲೋ ತರಬೇತಿಯ ಅಂಕದಿಂದಲೋ, ಅದನ್ನು ಬರೆದುಕೊಡುತ್ತಾರಾ ಕೇಳು ಎಂದೆ. ಹುಡುಗನಿಗೆ ಸ್ವಲ್ಪ ನಿರಾಸೆ ಆಯಿತು ಅನಿಸುತ್ತದೆ. ನನ್ನಿಂದ ಆಕಾಶದ ಕಥೆ ಕೇಳಬೇಕು ಅಂತ ಇದ್ದನೋ ಏನೋ.

ನನ್ನ ಹೆಗಲ ಮೇಲೆ ಈಗ ನಾಲ್ಕು ಪಟ್ಟಿ. ಆದರೆ ಕ್ಯಾಪ್ಟನ್‌ಗಳ ಸಾಲಿನಲ್ಲಿ ನಾನು ಮತ್ತೆ ಬಾಲದ ತುದಿಯಲ್ಲೇ ಇದ್ದೇನೆ. ಈ ಸಲದ ದೀಪಾವಳಿಗೆ ರಜೆ ಕೇಳಿದ್ದೆ. ಸಿಗಲಿಲ್ಲ. ತೋಟದ ಬದಿಯಲ್ಲಿ ಅಪ್ಪ ಬಲೀಂದ್ರನನ್ನು ಕರೆಯುವ ಹೊತ್ತಿಗೆ ನಾನು ಟಾರ್ಚ್ ಹಿಡಿದು ಬಾಲದ ಕಂಬ ತೆಗೆದಿದ್ದಾರಾ ಎಂದು ನೋಡುತ್ತಿರುತ್ತೇನೆ.