ಪಡಸಾಲೆಯ ಪರಸಿ ಎಬ್ಬಿಸಿ ಮತ್ತೆ ಹಾಸಿದ ಅನುಭವ

ನವಲಗುಂದದ ನಮ್ಮ ಮನೆಯ ಪಡಸಾಲೆ 14 ಅಡಿ ಉದ್ದ, 12 ಅಡಿ ಅಗಲ. ಎರಡಡಿ ಚೌಕದ 42 ಶಹಾಬಾದ್ ಪರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲು, ಹಾಸಿತ್ತು. ಹಳೆ ನೆಲ ಕಿತ್ತು ಕಲ್ಲು ಹಾಸಿಸಿ ಆರು ವರ್ಷವೂ ಆಗಿರಲಿಲ್ಲ. ಅಷ್ಟರಲ್ಲೇ ಒಂದು ಮೂಲೆ ಕುಸಿದಿತ್ತು, ಬಚ್ಚಲಿನ ಗೋಡೆಯ ಕಡೆ ಕಲ್ಲು ಎದ್ದಿತ್ತು. ನೆಲ ಒರೆಸಿದರೆ ನೀರೆಲ್ಲ ಮೂಲೆಗೆ ಹೋಗಿ ನಿಲ್ಲುತ್ತಿತ್ತು. ಮೇಲೆ ಜಮಖಾನ ಹಾಸಿರುತ್ತಿದ್ದರಿಂದ ಎದ್ದ ಕಲ್ಲಿನ ಅಂಚು ಕಾಣುತ್ತಿರಲಿಲ್ಲ. ಒಂದು ಸಂಜೆ ಅವ್ವ ಅದಕ್ಕೇ ಎಡವಿ ಬಿದ್ದಳು. ಮೊಣಕಾಲು ಊದಿತು, ಸದ್ಯ ಮೂಳೆ ಮುರಿಯಲಿಲ್ಲ. ಅವತ್ತೇ ಜಮಖಾನ ಸುತ್ತಿಟ್ಟು ಈ ಕೆಲಸಕ್ಕೆ ಇಳಿದೆ.

ನೋಡಲು ಬಂದವರು ಹೇಳಿದ್ದು ಒಂದೇ ಮಾತು. ಮೇಲೆ ಗಾರೆ ಹಾಕಿ ಮಟ್ಟ ಮಾಡಿ ಟೈಲ್ಸ್ ಕೂರಿಸೋಣ, ನಾಲ್ಕು ದಿನದ ಕೆಲಸ ಅಂತ. ನನಗೆ ಮನಸ್ಸು ಒಪ್ಪಲಿಲ್ಲ. ಕೆಳಗಿನ ನೆಲ ಇನ್ನೂ ಅಲ್ಲಾಡುತ್ತಿದ್ದರೆ ಮೇಲಿನ ಟೈಲ್ಸ್ ಒಡೆಯದೆ ಇರುತ್ತದಾ? ಅದೂ ಅಲ್ಲದೆ ನೆಲ ಎರಡು ಮೂರು ಇಂಚು ಏರಿದರೆ ಬಾಗಿಲು ತಾಗುತ್ತದೆ, ಹೊಸ್ತಿಲು ನೆಲದೊಳಗೆ ಹೂತು ಹೋಗುತ್ತದೆ.

ಮೊದಲು ಅಳತೆ ತೆಗೆದೆ. ಹತ್ತು ಮೀಟರಿನ ಪಾರದರ್ಶಕ ಪೈಪ್ ತಂದು ನೀರು ತುಂಬಿಸಿದೆ. ಪೈಪಿನೊಳಗೆ ಒಂದು ಗುಳ್ಳೆ ಇದ್ದರೂ ಲೆಕ್ಕ ತಪ್ಪುತ್ತದೆ. ಅದಕ್ಕೆ ನಿಧಾನವಾಗಿ ತುಂಬಿಸಿ, ಎರಡೂ ತುದಿ ಪಕ್ಕಪಕ್ಕ ಹಿಡಿದು ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದಾ ಅಂತ ನೋಡಿಕೊಂಡೆ. ಹೊಸ್ತಿಲ ಹತ್ತಿರದ ನೆಲದಿಂದ ಸರಿಯಾಗಿ ಒಂದು ಮೀಟರ್ ಎತ್ತರಕ್ಕೆ ಗುರುತು ಹಾಕಿ, ಅದೇ ಮಟ್ಟದಲ್ಲಿ ನಾಲ್ಕೂ ಗೋಡೆಗೆ ಗೆರೆ ಎಳೆದೆ. ಗೆರೆಯಿಂದ ಗೆರೆಗೆ ದಾರ ಬಿಗಿದು, ದಾರದಿಂದ ಪ್ರತಿ ಕಲ್ಲಿಗೂ ಟೇಪ್ ಹಿಡಿದು, ಬಂದ ಅಂಕಿಯನ್ನು ಸೀಮೆಸುಣ್ಣದಿಂದ ಆ ಕಲ್ಲಿನ ಮೇಲೇ ಬರೆದೆ. ಕುಸಿದ ಮೂಲೆಯಲ್ಲಿ 1034 ಮಿಲಿಮೀಟರ್. ಬಚ್ಚಲಿನ ಗೋಡೆಯ ಹತ್ತಿರ 988. ಒಟ್ಟು 46 ಮಿಲಿಮೀಟರ್ ವ್ಯತ್ಯಾಸ, ಎರಡು ಇಂಚಿಗೆ ಹತ್ತಿರ. ಆಮೇಲೆ ಕಟ್ಟಿಗೆಯ ಸುತ್ತಿಗೆಯಿಂದ ಒಂದೊಂದೇ ಕಲ್ಲು ತಟ್ಟಿದೆ. ಅರ್ಧಕ್ಕಿಂತ ಜಾಸ್ತಿ ಕಲ್ಲು ಟೊಳ್ಳು ಸದ್ದು ಕೊಟ್ಟವು.

ನಮ್ಮ ಓಣಿಯಲ್ಲಿ ಒಬ್ಬ ಹಿರಿಯ ಗೌಂಡಿ ಇದ್ದಾರೆ. ಎಲ್ಲರೂ ಕಾಕಾ ಅಂತಲೇ ಕರೆಯುವುದು. ಈಗ ಭಾರದ ಕೆಲಸ ಮಾಡುವುದಿಲ್ಲ. ಅವರನ್ನು ಕರೆದು ಅಂಕಿಗಳನ್ನು ತೋರಿಸಿದೆ. ಬಚ್ಚಲಿನ ಗೋಡೆಯ ಹತ್ತಿರ ಕೂತು ಕಲ್ಲಿನ ಸಂದಿಗೆ ಬೆರಳು ಒತ್ತಿದರು. "ತಮ್ಮಾ, ಮೊದಲ ಇಲ್ಲಿ ನೀರು ಎಲ್ಲಿಂದ ಬರತೈತಿ ನೋಡು. ಕಲ್ಲು ಆಮ್ಯಾಲೆ ಎಬ್ಬಸೋಣು" ಅಂದರು.

ಬಚ್ಚಲಿನ ಮೋರಿಯ ಪೈಪಿನ ಹೊರಗಿನ ಬಾಯಿಗೆ ಬಟ್ಟೆ ಬಿಗಿದು, ನೀರು ತುಂಬಿಸಿ, ಗುರುತು ಹಾಕಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ನೀರು ಒಂದು ಗೇಣು ಇಳಿದಿತ್ತು. ಗೋಡೆಯ ಬುಡದಲ್ಲೇ ಪೈಪಿನ ಜಾಯಿಂಟ್ ಬಿಟ್ಟಿತ್ತು. ಅಲ್ಲಿಗೆ ಕಥೆ ಅರ್ಥವಾಯಿತು. ನಮ್ಮ ಕಡೆಯದು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಬೇಸಿಗೆಯಲ್ಲಿ ಹೊಲ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಅದೇ ಮಣ್ಣು ಮನೆಯೊಳಗೂ ಇದ್ದರೆ ಅದೇ ಆಟ ಆಡುತ್ತದೆ.

ಕಲ್ಲು ಎಬ್ಬಿಸುವ ಮೊದಲು ಪ್ರತಿಯೊಂದಕ್ಕೂ ಪೇಂಟಿನಿಂದ ನಂಬರ್ ಹಾಕಿದೆ. ಒಂದು ಕಲ್ಲು ಹತ್ತಿರ ಹತ್ತಿರ 28 ಕಿಲೋ. ಒಬ್ಬರೇ ಎತ್ತಬೇಡಿ. ನಾನು ಮತ್ತು ತಮ್ಮ ಇಬ್ಬರೂ ಹಾರೆ ಹಾಕಿ, ಸಂದಿಗೆ ಕಟ್ಟಿಗೆಯ ಚೂರು ಕೊಟ್ಟು, ನಿಧಾನವಾಗಿ ಎಬ್ಬಿಸಿದೆವು. ನಾಲ್ಕು ಒಡೆದವು, 38 ಉಳಿದವು. ಒಳಗೆ ನೋಡಿದರೆ ಬೇಜಾರಾಯಿತು. ಪ್ರತಿ ಕಲ್ಲಿನ ನಾಲ್ಕು ಮೂಲೆಗೆ, ನಡುವೆ ಒಂದು ಕಡೆ, ಹೀಗೆ ಐದು ಮುದ್ದೆ ಗಾರೆ ಇಟ್ಟು ಕೂರಿಸಿದ್ದರು. ಉಳಿದದ್ದೆಲ್ಲ ಖಾಲಿ. ಅದರ ಕೆಳಗೆ ಕಾಂಕ್ರೀಟ್ ಇಲ್ಲ. ಪಾಯ ತೋಡಿದಾಗ ಬಂದ ಎರೆಮಣ್ಣನ್ನೇ ಒಳಗೆ ತುಂಬಿ, ಬಡಿಯದೆ ಹಾಗೇ ಬಿಟ್ಟಿದ್ದರು. ಬಡಿಯದ ಕಡೆ ಕುಸಿದಿತ್ತು, ನೀರು ಸೇರಿದ ಕಡೆ ಉಬ್ಬಿತ್ತು. ಎಬ್ಬಿಸುವಾಗ ಒಡೆದ ನಾಲ್ಕನ್ನು ಬಿಟ್ಟರೆ ಕಲ್ಲಿಗೆ ಮಾತ್ರ ಏನೂ ಆಗಿರಲಿಲ್ಲ.

ಪೈಪ್ ಬದಲಾಯಿಸಿ, ಮತ್ತೆ ರಾತ್ರಿಯಿಡೀ ನೀರು ನಿಲ್ಲಿಸಿ ಖಾತ್ರಿ ಮಾಡಿಕೊಂಡ ಮೇಲೇ ಅಗೆಯಲು ಶುರು ಮಾಡಿದೆವು. ಒಬ್ಬ ಎಂಜಿನಿಯರ್‌ಗೆ ಪಾಯದ ಆಳ ತೋರಿಸಿ, ಗೋಡೆಯ ತಳಕ್ಕೆ ತೊಂದರೆ ಇಲ್ಲ ಅಂತ ಕೇಳಿಕೊಂಡೆ. ಇದನ್ನು ಬಿಡಬೇಡಿ. ಪಾಯದ ತಳಕ್ಕಿಂತ ಕೆಳಗೆ ಅಗೆದರೆ ಗೋಡೆಗೇ ಅಪಾಯ. ಮುಗಿದ ನೆಲದ ಮಟ್ಟದಿಂದ ಎರಡಡಿ ಕೆಳಗಿನವರೆಗೆ ಎರೆಮಣ್ಣು ತೆಗೆದೆವು, ಅದೂ ಒಂದು ಸಲಕ್ಕೆ ಅರ್ಧ ಕೋಣೆ ಮಾತ್ರ. ತೆಗೆದ ಮಣ್ಣು ನಮ್ಮ ಹೊಲಕ್ಕೇ ಹೋಯಿತು.

ಮಣ್ಣಿನ ಜಾಗಕ್ಕೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಒರಟು ಮಣ್ಣು. ಅದು ನೀರು ಕುಡಿದು ಎರೆಯ ಹಾಗೆ ಉಬ್ಬುವುದಿಲ್ಲ, ಬಡಿದರೆ ಗಟ್ಟಿಯಾಗಿ ಕೂರುತ್ತದೆ. ಬಡಿದ ಮೇಲೆ 18 ಇಂಚು ಬರಬೇಕು ಅಂತ ಮೂರೂವರೆ ಬ್ರಾಸ್ ತರಿಸಿದೆ (ಒಂದು ಬ್ರಾಸ್ ಅಂದರೆ ನೂರು ಘನ ಅಡಿ). ಎಲ್ಲವನ್ನೂ ಒಮ್ಮೆಲೇ ತುಂಬಿ ಮೇಲಷ್ಟೇ ಬಡಿದರೆ ಕೆಳಗೆ ಸಡಿಲವೇ ಉಳಿಯುತ್ತದೆ. ಆರು ಇಂಚು ಹರಡಿ, ನೀರು ಚಿಮುಕಿಸಿ, ದಮ್ಮಸಿನಿಂದ ಬಡಿದು ನಾಲ್ಕೂವರೆ ಇಂಚಿಗೆ ಇಳಿಸುವುದು. ಹೀಗೆ ನಾಲ್ಕು ಪದರ. ಗರಸು ಹಾಕುವ ಮೊದಲು ತಳದ ಎರೆಮಣ್ಣಿಗೂ ಎರಡು ದಿನ ನೀರು ಚಿಮುಕಿಸಲು ಕಾಕಾ ಹೇಳಿದ್ದರು. ಮೇ ತಿಂಗಳ ಬಿಸಿಲಿಗೆ ಅದು ಪೂರ್ತಿ ಒಣಗಿ ಕುಗ್ಗಿತ್ತು. ಹಾಗೇ ಮುಚ್ಚಿದ್ದರೆ ಮಳೆಗಾಲದಲ್ಲಿ ತೇವ ಎಳೆದುಕೊಂಡು ಎಲ್ಲವನ್ನೂ ಮೇಲಕ್ಕೆ ಎತ್ತುತ್ತಿತ್ತು. ಇಡೀ ಕೆಲಸದಲ್ಲಿ ಮೈ ಮುರಿದದ್ದು ಈ ಬಡಿಯುವ ಕೆಲಸವೇ. ಆದರೆ ನೆಲ ನಿಲ್ಲುವುದೋ ಬಿಡುವುದೋ ತೀರ್ಮಾನವಾಗುವುದೂ ಇಲ್ಲೇ ಅಂತ ನನಗೆ ಅನಿಸಿದೆ. ಬೇಗ ಮುಗಿಸಿ ಅಂತ ಯಾರು ಹೇಳಿದರೂ ಕೇಳಬೇಡಿ.

ಗರಸಿನ ಮೇಲೆ ಮೂರಿಂಚು ಕಾಂಕ್ರೀಟ್. ಸಿಮೆಂಟ್ ಒಂದು, ಮರಳು ನಾಲ್ಕು, ಜಲ್ಲಿ ಎಂಟು. ಏಳು ದಿನ ನೀರು ಉಣಿಸಿದೆವು.

ಕಲ್ಲು ಹಾಸುವಾಗ ನನ್ನಿಂದ ಒಂದು ತಪ್ಪಾಯಿತು. ಉದ್ದನೆಯ ಗೋಡೆಯನ್ನೇ ನಂಬಿ, ಅದರ ಗುಂಟ ಮೊದಲ ಸಾಲು ಹಿಡಿದೆ. ಎರಡನೇ ಸಾಲು ಮುಗಿಯುವ ಹೊತ್ತಿಗೆ ಅಡ್ಡ ಗೋಡೆಯ ಹತ್ತಿರ ಸಂದಿ ಅಗಲವಾಗುತ್ತಾ ಬಂತು. ಮೂಲೆಯಿಂದ ಒಂದು ಕಡೆ ಮೂರಡಿ, ಇನ್ನೊಂದು ಕಡೆ ನಾಲ್ಕಡಿ ಗುರುತು ಹಾಕಿ ಅಡ್ಡ ಅಳೆದರೆ ಸರಿಯಾಗಿ ಐದಡಿ ಬರಬೇಕು. ಬರಲಿಲ್ಲ. ಮೂಲೆಯೇ ಸೊಟ್ಟ. ಗಾರೆ ಇನ್ನೂ ಪೂರ್ತಿ ಗಟ್ಟಿಯಾಗದೆ ಇದ್ದದ್ದಕ್ಕೆ ಎರಡೂ ಸಾಲು ಎತ್ತಿ ತೊಳೆದು, ಕೋಣೆಯ ನಡುವೆ ದಾರ ಹಿಡಿದು ಮತ್ತೆ ಶುರು ಮಾಡಿದೆ. ಕೋಣೆಯ ಸೊಟ್ಟವೆಲ್ಲ ಗೋಡೆಯ ಅಂಚಿನ ಕಲ್ಲಿಗೆ ಹೋಯಿತು. ಅವನ್ನು ಕೊಯ್ದು ಕೂರಿಸಿದೆವು.

ಪರಸಿಯ ಮೇಲ್ಮೈ ಸಪಾಟಾಗಿದ್ದರೂ ದಪ್ಪ ಒಂದೇ ಇರುವುದಿಲ್ಲ. ನಮ್ಮವು 25ರಿಂದ 35 ಮಿಲಿಮೀಟರ್‌ವರೆಗೆ ಇದ್ದವು. ಅದಕ್ಕೆ ಅತಿ ದಪ್ಪದ ಕಲ್ಲನ್ನು ಮೊದಲು ಇಟ್ಟು ನೋಡಿ, ಅದರ ಕೆಳಗೆ ಒಂದಿಂಚು ಗಾರೆ ಉಳಿಯುವಂತೆ ಮಟ್ಟ ಗೊತ್ತು ಮಾಡಿದೆ. ಸಿಮೆಂಟ್ ಒಂದಕ್ಕೆ ಮರಳು ಆರರ ಗಾರೆ, ಮುಷ್ಟಿ ಹಿಡಿದರೆ ಉಂಡೆ ನಿಲ್ಲುವಷ್ಟೇ ನೀರು. ಗಾರೆ ಹರಡಿ, ಕಲ್ಲು ಇಟ್ಟು, ತಟ್ಟಿ, ಮತ್ತೆ ಎತ್ತಿ ನೋಡಬೇಕು. ಕಲ್ಲಿನ ಅಚ್ಚು ಬೀಳದ ಕಡೆ ಟೊಳ್ಳು ಅಂತಲೇ ಅರ್ಥ. ಅಲ್ಲಿ ಇನ್ನಷ್ಟು ಗಾರೆ ತುಂಬಿ, ಮೇಲೆ ಸಿಮೆಂಟಿನ ತಿಳಿ ಹಾಕಿ, ಕೊನೆಯ ಸಲ ಕೂರಿಸುವುದು. ದಿನಕ್ಕೆ ಏಳು ಕಲ್ಲಿಗಿಂತ ಜಾಸ್ತಿ ಆಗಲಿಲ್ಲ. ಪ್ರತಿ ಕಲ್ಲಿಗೂ ರಸಮಟ್ಟ (ಗುಳ್ಳೆ ನೋಡಿ ಮಟ್ಟ ತಿಳಿಯುವ ಪಟ್ಟಿ) ಇಡುತ್ತಿದ್ದೆ, ಜೊತೆಗೆ ಗೋಡೆಯ ಗೆರೆಯಿಂದ ಅಳೆಯುತ್ತಿದ್ದೆ. ರಸಮಟ್ಟ ಒಂದನ್ನೇ ನಂಬಿದರೆ ಒಂದೊಂದು ಕಲ್ಲಿನ ಕೂದಲೆಳೆಯ ತಪ್ಪು ಸೇರಿ ಸೇರಿ ಆ ತುದಿಗೆ ದೊಡ್ಡದಾಗುತ್ತದೆ. ಮುಂಬಾಗಿಲ ಕಡೆಗೆ ಇಡೀ ಉದ್ದಕ್ಕೆ 8 ಮಿಲಿಮೀಟರ್ ಇಳಿಜಾರು ಬಿಟ್ಟೆ. ತೊಳೆದ ನೀರು ಹೊರಗೆ ಹೋಗಲಿ ಅಂತ ಅವ್ವನ ಒತ್ತಾಯ ಇತ್ತು. ಮಂಚ, ಕುರ್ಚಿಗೆ ಅದು ಗೊತ್ತೇ ಆಗುವುದಿಲ್ಲ.

ಹದಿನೈದು ದಿನ ಬಿಟ್ಟು ಮಷಿನ್ ಪಾಲಿಶ್ ಮಾಡಿಸಿದೆ. ಅಂಚಿನಲ್ಲಿ ಉಳಿದಿದ್ದ ಕೂದಲೆಳೆಯ ಏರುತಗ್ಗು ಅದರಲ್ಲಿ ಹೋಯಿತು. ಸಿಮೆಂಟ್ ಕಲೆ ತೆಗೆಯಲು ಆ್ಯಸಿಡ್ ಹಾಕೋಣ ಅಂತ ಪಾಲಿಶ್‌ನವರು ಬಾಟಲಿ ತೆಗೆದಿದ್ದರು, ನಾನು ತಡೆದೆ. ಶಹಾಬಾದ್ ಸುಣ್ಣದ ಕಲ್ಲು, ಆ್ಯಸಿಡ್ ಬಿದ್ದರೆ ನೊರೆ ಎದ್ದು ಮೈ ತಿಂದುಹೋಗುತ್ತದೆ.

ಹೊರಗೆ ಗೋಡೆಯ ಸುತ್ತ ಮೂರಡಿ ಅಗಲ ಸಿಮೆಂಟ್ ಹಾಸು ಮಾಡಿಸಿ, ಮಳೆನೀರು ಮನೆಯಿಂದ ದೂರ ಹರಿಯುವಂತೆ ಇಳಿಜಾರು ಕೊಟ್ಟೆ. ಒಳಗೆ ಎಷ್ಟು ಗರಸು ತುಂಬಿದರೂ ಪಾಯದ ಪಕ್ಕ ನೀರು ನಿಂತರೆ ಅಡಿಯಲ್ಲಿರುವ ಎರೆಮಣ್ಣು ಸುಮ್ನೆ ಕೂರುವುದಿಲ್ಲ.

ಗೋಡೆಗೆ ಸುಣ್ಣ ಹೊಡೆಯುವಾಗ ನಾಲ್ಕೂ ಮೂಲೆಯಲ್ಲಿ ಗೇಣುದ್ದ ಗೆರೆ ಅಳಿಸದೆ ಉಳಿಸಿದ್ದೇನೆ. ಎರಡು ಮಳೆಗಾಲ ಆಯಿತು, ಎರಡು ಸಲವೂ ಅಳೆದೆ. ಬಚ್ಚಲಿನ ಕಡೆ ಏನೂ ಬದಲಾಗಿಲ್ಲ. ಕುಸಿದಿದ್ದ ಮೂಲೆ ಒಂದು ಮಿಲಿಮೀಟರ್ ಇಳಿದಿದೆ. ಬರುವ ಬೇಸಿಗೆಗೆ ಅಡುಗೆಮನೆಯ ನೆಲ ಹಿಡಿಯಬೇಕು. ಅಲ್ಲಿನ ಸಿಂಕಿನ ಪೈಪಿಗೆ ಈಗಾಗಲೇ ಬಟ್ಟೆ ಬಿಗಿದು ನೀರು ನಿಲ್ಲಿಸಿದ್ದೇನೆ.